ಗೆರೆ ಇಳಿದ ದಿನ

ಅವನು ಹಲ್ಲುಜ್ಜುತ್ತ ನಿಂತಿದ್ದಾಗ, ಆರೋಗ್ಯ ಇಲಾಖೆಯ ಗುಮಾಸ್ತ ದಿನಾ ಕಳಿಸುವ ಸೋಂಕಿತರ ಸಂಖ್ಯೆ ಫೋನಿಗೆ ಬಂತು. ನೋಡಿದ್ದೇ ತಡ, ಅವನ ಮುಖ ಬಿದ್ದುಹೋಯಿತು. ಟವೆಲು ಹಿಡಿದು ಹಿಂದೆ ಬಂದ ಹೆಂಡತಿ ಕನ್ನಡಿಯಲ್ಲಿ ಆ ಮುಖ ಕಂಡು ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ದೇವರೇ, ಮತ್ತೆ ಏರಿತಾ?" ಎಂದಳು. ಅವನು ಬಾಯಿಯ ನೊರೆ ಉಗಿದು, "ಇಲ್ಲ, ಇಳಿದಿದೆ" ಎಂದ. "ಇಳಿದ್ರೆ ಒಳ್ಳೇದೇ ಆಯ್ತಲ್ರೀ. ಮತ್ತೆ ಮುಖ ಯಾಕೆ ಹಾಗಿದೆ?" ಅವನು ವಸಡು ನೋಯುತ್ತಿದೆ ಎಂದು ಸುಳ್ಳು ಹೇಳಿದ. ಅವಳು ಉಪ್ಪು ಹಾಕಿದ ಬಿಸಿನೀರು ತಂದುಕೊಟ್ಟಳು. ಇಲ್ಲದ ನೋವಿಗೆ ಬಾಯಿ ಮುಕ್ಕಳಿಸುತ್ತ, ಊರಲ್ಲಿ ಕಾಯಿಲೆ ಬಿದ್ದವರು ಕಡಿಮೆಯಾದರೆಂಬ ಸುದ್ದಿಗೆ ತನ್ನೊಳಗೆ ಏನೋ ಕುಸಿಯಿತಲ್ಲ, ಅದೇನು ಎಂದು ನೋಡಲು ಹೋಗಿ, ನೋಡದಿರುವುದೇ ವಾಸಿ ಎನಿಸಿ, ಮತ್ತೊಮ್ಮೆ ಮುಕ್ಕಳಿಸಿದ.

ಹೋದ ತಿಂಗಳು ಸ್ಥಳೀಯ ಚಾನೆಲ್ಲಿನವರ ಎದುರು ಕೋಲು ಹಿಡಿದು ನಿಂತು, ಮೇಲಕ್ಕೇರುವ ಕೆಂಪು ಗೆರೆಯ ತುದಿ ಮುಟ್ಟಿ, ಬರುವ ತಿಂಗಳ ಮಧ್ಯದ ಹೊತ್ತಿಗೆ ಈ ಊರಿನ ಆಸ್ಪತ್ರೆಯಲ್ಲಿ ಒಂದು ಮಂಚವೂ ಖಾಲಿ ಇರುವುದಿಲ್ಲ ಎಂದು ಹೇಳಿದವನು ಅವನೇ. ಅವತ್ತಿನಿಂದ ಊರು ಅವನನ್ನು ಗ್ರಾಫ್ ಮೇಷ್ಟ್ರು ಎಂದು ಕರೆಯತೊಡಗಿತು. ಅದಕ್ಕೆ ಮುಂಚೆ ಅವನನ್ನು ಕರೆಯುವ ಪ್ರಮೇಯವೇ ಯಾರಿಗೂ ಬಂದಿರಲಿಲ್ಲ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತ ಕೂದಲು ನರೆತಿತ್ತು, ಹುಡುಗರು ಹಾಜರಿಗಾಗಿ ಬಂದು, ಹಾಜರಿ ಕೂಗಿದ ಮೇಲೆ ಕಿಟಕಿಯ ಆಚೆ ನೋಡುತ್ತ ಕೂರುತ್ತಿದ್ದರು, ಮದುವೆ ಮನೆಗಳಲ್ಲಿ ನೆಂಟರು "ಇವರು ಲೆಕ್ಕದ ಮೇಷ್ಟ್ರು" ಎಂದು ಪರಿಚಯಿಸಿದಾಗ "ಲೆಕ್ಕ ಅಲ್ಲ, ಸಂಖ್ಯಾಶಾಸ್ತ್ರ" ಎಂದು ತಿದ್ದಿ, "ಎರಡೂ ಒಂದೇ ಅಲ್ವಾ?" ಎಂಬ ಮಾತಿಗೆ ನಕ್ಕು ಸುಮ್ಮನಾಗುತ್ತಿದ್ದ. ರೋಗ ಬಂತು, ಎಲ್ಲ ಬದಲಾಯಿತು. ಔಷಧಿ ಅಂಗಡಿಯವನು ಸಾಲು ಬಿಟ್ಟು ಅವನನ್ನು ಮುಂದಕ್ಕೆ ಕರೆದು "ಇವತ್ತು ಹೇಗಿದೆ ಸಾರ್, ಗೆರೆ?" ಎಂದು ಕೇಳುತ್ತಿದ್ದ, ಮನೆಯಲ್ಲಿ ಹಾಸಿಗೆ ಹಿಡಿದವರ ಯೋಗಕ್ಷೇಮ ವಿಚಾರಿಸುವ ದನಿಯಲ್ಲಿ. ಅವನು ಕಣ್ಣು ಕಿರಿದು ಮಾಡಿ "ನೋಡಬೇಕು" ಎನ್ನುತ್ತಿದ್ದ. ಆ ಒಂದು ಮಾತಿಗೆ ಸಾಲಿನಲ್ಲಿ ನಿಂತವರೆಲ್ಲ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಅಷ್ಟು ಅಧಿಕಾರ ಅವನಿಗೆ ಸ್ವಂತ ಮನೆಯಲ್ಲೂ ಇರಲಿಲ್ಲ.

ಈಗ ತಿಂಗಳ ಮಧ್ಯ ಬಂದಿತ್ತು, ಗೆರೆ ಇಳಿಯುತ್ತಿತ್ತು. ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಅವನು ಒಂದೊಂದೇ ಕಾರಣ ಹುಡುಕಿದ. ರಜೆಯ ದಿನ ಪರೀಕ್ಷೆ ಕಡಿಮೆ ಮಾಡಿರಬಹುದು. ಇಲ್ಲ, ಪರೀಕ್ಷೆ ಎಂದಿನಷ್ಟೇ ಆಗಿತ್ತು, ಒಂದು ಹಿಡಿ ಜಾಸ್ತಿಯೇ. ಜನ ಹೆದರಿ ಪರೀಕ್ಷೆಗೆ ಬರದೆ ಮನೆಯಲ್ಲೇ ಮಲಗಿರಬಹುದು. ಹಾಗಿದ್ದರೆ ಉಸಿರಾಟಕ್ಕೆ ಕಷ್ಟವಾದವರಾದರೂ ಆಸ್ಪತ್ರೆಗೆ ಬರಬೇಕಿತ್ತಲ್ಲ. ಅವರೂ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದ್ದರು. ನೂರು ಜನರನ್ನು ಪರೀಕ್ಷಿಸಿದರೆ ಎಷ್ಟು ಜನರಿಗೆ ಸೋಂಕು ಎಂಬ ಲೆಕ್ಕ ಮೂರನೆಯ ವಾರವೂ ಇಳಿದಿತ್ತು. ತರಗತಿಯಲ್ಲಿ ಇದೇ ಪ್ರಶ್ನೆ ಕೊಟ್ಟು, ಯಾವನಾದರೂ ಹುಡುಗ ಇದನ್ನು ಏರಿಕೆ ಎಂದು ಬರೆದಿದ್ದರೆ ಸೊನ್ನೆ ಸುತ್ತುತ್ತಿದ್ದ. ಬೆಣ್ಣೆ ಬ್ರೆಡ್ಡಿನ ಅಂಚು ದಾಟಿ ಬೆರಳಿಗೆ ಹತ್ತಿತು.

ಆಸ್ಪತ್ರೆಯ ಆ ಮಂಚಗಳದು ಇನ್ನೊಂದು ಕಥೆ. ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಅವನ ಅಕ್ಕ ಇದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು. ತಾಯಿ ಹೋದ ಮೇಲೆ ರಾತ್ರಿ ಪಾಳಿ ಮಾಡಿ ಅವನನ್ನು ಓದಿಸಿದವಳು. ಎರಡು ತಿಂಗಳ ಹಿಂದೆ ಮೆಟ್ಟಿಲಲ್ಲಿ ಎದುರಾದಾಗ, ನಲ್ಲಿ ಸೋರುತ್ತಿದೆ ಎನ್ನುವಷ್ಟೇ ಸಲೀಸಾಗಿ, "ಪುಟ್ಟಾ, ನನ್ನ ಹೊಟ್ಟೇಲಿ ಗಡ್ಡೆ ಇದೆಯಂತೆ ಕಣೋ. ತೆಗೆದು ನೋಡಿದ ಮೇಲೇ ಅದು ಎಂಥದು ಅಂತ ಗೊತ್ತಾಗೋದಂತೆ. ಬೇಗ ತೆಗೆದಷ್ಟೂ ಒಳ್ಳೇದಂತೆ" ಎಂದಿದ್ದಳು. ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಅವನ ಗೆರೆ ಬಂತು. ಗೆರೆ ನೋಡಿ, ರೋಗಕ್ಕೆಂದು ಊರಲ್ಲಿ ಮಾಡಿದ್ದ ಸಲಹಾ ಸಮಿತಿ, ಆಸ್ಪತ್ರೆಯ ಮೇಲಂತಸ್ತಿನ ಹೆಂಗಸರ ಶಸ್ತ್ರಚಿಕಿತ್ಸೆ ವಾರ್ಡನ್ನು ಖಾಲಿ ಮಾಡಿಸಿ ಸೋಂಕಿನ ರೋಗಿಗಳಿಗೆ ಮೀಸಲಿಟ್ಟಿತು. ಮೀಸಲಿಡಿ ಎಂಬ ಮಾತು ಮೊದಲು ಬಂದದ್ದು ಅವನ ಬಾಯಿಂದಲೇ. ಆಸ್ಪತ್ರೆಯಿಂದ ಫೋನು ಬಂದ ಸಂಜೆ ಅಕ್ಕ, "ಮುಂದಕ್ಕೆ ಹಾಕಿದ್ದಾರಂತೆ. ಯಾವುದೋ ಕಮಿಟಿಯಂತೆ" ಎಂದಳು. ಅವನು "ಹೂಂ, ಪರಿಸ್ಥಿತಿ ಹಾಗಿದೆ" ಎಂದ. ಆ ಸಮಿತಿಯಲ್ಲಿ ಅವನಿದ್ದಾನೆಂದು ಅವಳಿಗೆ ಗೊತ್ತಿತ್ತು. ಅವತ್ತಿನಿಂದ ಅವನು ಮೆಟ್ಟಿಲ ಹತ್ತಿರ ಹೋಗುವಾಗ ಫೋನನ್ನು ಕಿವಿಗೆ ಇಟ್ಟುಕೊಳ್ಳುತ್ತಿದ್ದ. ಮಂಚಗಳು ತುಂಬಿಬಿಟ್ಟರೆ, ಆಗ, ನೋಡು, ತಮ್ಮ ಮಾಡಿದ್ದು ಸರಿಯೇ ಎಂದು ಅವಳೇ ಅರ್ಥ ಮಾಡಿಕೊಳ್ಳುತ್ತಾಳೆ. ತುಂಬಲಿ ಎಂದು ಅವನು ಎಂದೂ ಬಯಸಿರಲಿಲ್ಲ. ಬಯಸಿರಲಿಲ್ಲ ಎಂದು ದಿನಕ್ಕೊಂದು ಸಲವಾದರೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಸಮಿತಿಯ ಸಭೆಗೆ ನಡೆದೇ ಹೊರಟ. ಪಾರ್ಕಿನಲ್ಲಿ ಯಾರೂ ಕೂರದಿರಲಿ ಎಂದು ಬೆಂಚುಗಳನ್ನು ಬೋರಲು ಹಾಕಿದ್ದರು. ಒಬ್ಬ ಮುದುಕ ಬೋರಲು ಬೆಂಚಿನ ಕಾಲುಗಳ ನಡುವೆ ನೆಟ್ಟಗೆ ಕೂತು ಪೇಪರು ಓದುತ್ತಿದ್ದ. ಸಿದ್ಧ ಉಡುಪಿನ ಅಂಗಡಿ ತೆರೆದಿತ್ತು, ಪಕ್ಕದ ದರ್ಜಿಯ ಅಂಗಡಿ ಮುಚ್ಚಿತ್ತು: ಅಳತೆ ತೆಗೆಯುವಾಗ ಮೈ ಮುಟ್ಟಬೇಕಾಗುತ್ತದೆ ಎಂದು ಹೋದ ಸಭೆಯಲ್ಲಿ ಒಂದು ಗಂಟೆ ಚರ್ಚಿಸಿ ತೀರ್ಮಾನಿಸಿದ್ದರು. ತೋಳಿನ ಅಳತೆಗೆ ಅವಕಾಶ ಕೊಟ್ಟು ಸೊಂಟದ್ದಕ್ಕೆ ಬೇಡ ಎನ್ನಬಹುದೇ ಎಂದು ಯಾರೋ ಕೇಳಿದ್ದರು. ಯಾರೋ ಏನು, ಕೇಳಿದ್ದು ತಾನೇ. ಮುಚ್ಚಿದ ಬಾಗಿಲಿನ ಮೆಟ್ಟಿಲ ಮೇಲೆ ಕೂತಿದ್ದ ದರ್ಜಿ ಅವನನ್ನು ಕಂಡು ಎದ್ದು ನಿಂತ. ಗೌರವಕ್ಕೋ, ಏನಾದರೂ ಕೇಳಲಿಕ್ಕೋ ತಿಳಿಯಲಿಲ್ಲ. ಅವನು ಫೋನು ತೆಗೆದು ಕಿವಿಗಿಟ್ಟುಕೊಂಡ.

ಸಭೆಯ ಕೋಣೆಯಲ್ಲಿ ಕುರ್ಚಿಗಳನ್ನು ಎಷ್ಟು ದೂರ ದೂರ ಹಾಕಿದ್ದರೆಂದರೆ, ಪಕ್ಕದವರೊಡನೆ ಪಿಸುಗುಟ್ಟಬೇಕಾದದ್ದನ್ನೂ ಕೂಗಿ ಹೇಳಬೇಕಿತ್ತು. ಹೀಗಾಗಿ ಗುಟ್ಟು ಎಂಬುದೇ ಉಳಿದಿರಲಿಲ್ಲ. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಮೇಡಂ ಅವನ ಶಿಷ್ಯೆಯ ವಯಸ್ಸಿನವರು, ಆದರೆ ಅವರು "ಹೇಳಿ ಮೇಷ್ಟ್ರೇ" ಎಂದರೆ ಅವನ ಬೆನ್ನು ತಾನಾಗಿ ನೇರವಾಗುತ್ತಿತ್ತು. ಎದುರು ಕೂತಿದ್ದವರು ವರ್ತಕರ ಸಂಘದ ಅಧ್ಯಕ್ಷರು, ಬಟ್ಟೆ ಅಂಗಡಿಯವರು; ಮಾಸ್ಕಿನಿಂದ ಗಡ್ಡವನ್ನಷ್ಟೇ ಕಾಪಾಡಿಕೊಂಡಿದ್ದರು. ಮೂಲೆಯಲ್ಲಿ ಆಸ್ಪತ್ರೆಯ ಸರ್ಜನ್, ಆಪರೇಷನ್ನೇ ಇಲ್ಲದೆ ವಾರಗಟ್ಟಲೆ ಕೂತು ಸೊರಗಿದ ಮನುಷ್ಯ.

"ಮೇಡಂ, ನಂದು ಒಂದೇ ಪ್ರಶ್ನೆ," ಎಂದರು ವರ್ತಕರು. "ಹೋದ ವಾರ ನಮ್ಮ ಬೀದಿಯ ಹುಡುಗ ಬೈಕಿಂದ ಬಿದ್ದು ಕಾಲು ಮುರ್ಕೊಂಡ. ಆಸ್ಪತ್ರೇಲಿ ಮೂಗಿಗೆ ಕಡ್ಡಿ ಹಾಕಿ ನೋಡಿ ಸೋಂಕು ಅಂದ್ರು. ಅವನೂ ನಿಮ್ಮ ಗೆರೇಲಿ ಸೇರಿದ. ಮುರಿದಿದ್ದು ಕಾಲು, ಮುಚ್ಚಿದ್ದು ನಮ್ಮವರ ಅಂಗಡಿ! ಇದ್ಯಾವ ನ್ಯಾಯ?"

ಪ್ರಶ್ನೆ ಸರಿಯಾಗಿಯೇ ಇತ್ತು. ರೋಗದಿಂದ ಆಸ್ಪತ್ರೆಗೆ ಬಂದವರು ಬೇರೆ, ರೋಗದೊಡನೆ ಬಂದವರು ಬೇರೆ ಎಂದು ಅವನೇ ಒಂದು ಲೇಖನ ಬರೆದು, ಯಾರೂ ಅಚ್ಚು ಹಾಕದಿದ್ದಾಗ ಸುಮ್ಮನಾಗಿದ್ದ. ಆದರೂ ಬಾಯಿಗೆ ಬಂದದ್ದು ಬೇರೆ. "ಕೆಮ್ಮು ಬಂದು ಹ್ಯಾಂಡಲ್ ಬಿಟ್ಟಿರಬಹುದಲ್ಲ ಸ್ವಾಮಿ?" ಕೋಣೆ ನಕ್ಕಿತು. ಮೇಡಂ ಕೂಡ ನಕ್ಕರು. ನಗು ಅವನ ಮೈಗೆ ಬಿಸಿಲಿನಂತೆ ತಾಕಿತು.

ವರ್ತಕರು ನಗು ಮುಗಿಯುವ ತನಕ ಕಾದು, "ಆಗಲಿ. ಈ ತಿಂಗಳ ಮಧ್ಯಕ್ಕೆ ಮಂಚವೆಲ್ಲ ತುಂಬುತ್ತೆ ಅಂದಿದ್ರಿ. ತುಂಬಿತಾ?" ಎಂದು ಕೇಳಿದರು. ಸರ್ಜನ್ ಅಲ್ಲಿಂದಲೇ ಕೂಗಿದರು: "ಕೆಳಗಿನ ಸೋಂಕಿನ ವಾರ್ಡಲ್ಲಿ ಮೂರು ಜನ ಇದ್ದಾರೆ, ಮೇಡಂ. ಮೇಲಿನ ವಾರ್ಡಲ್ಲಿ ನಲವತ್ತು ಮಂಚ, ಒಬ್ಬರೂ ಇಲ್ಲ. ದಿನಾ ಹಾಸಿಗೆ ಬಟ್ಟೆ ಬದಲಾಯಿಸ್ತಾ ಇದೀವಿ, ಮಲಗೋರಿಲ್ಲ. ನನ್ನ ಪಟ್ಟೀಲಿ ಹೆಂಗಸರು ಕಾಯ್ತಾ ಇದಾರೆ. ಆ ವಾರ್ಡ್ ನನಗೆ ವಾಪಸ್ ಕೊಡಿ."

"ಹೇಳಿ ಮೇಷ್ಟ್ರೇ," ಎಂದರು ಮೇಡಂ. "ಈ ಇಳಿಕೆ ನಿಜವಾದದ್ದಾ?"

ನಿಜವಾದದ್ದು. ನನ್ನ ಅಂದಾಜು ತಪ್ಪಿತು. ಇಷ್ಟೇ ಮಾತು; ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು. ಹೇಳಿದ್ದರೆ ಮಧ್ಯಾಹ್ನದೊಳಗೆ ವಾರ್ಡು ಸರ್ಜನ್ನರ ಕೈಗೆ ಹೋಗುತ್ತಿತ್ತು. ಅಂದಾಜು ಕಟ್ಟುವವನಿಗೆ ತಪ್ಪುವ ಹಕ್ಕಿದೆ, ಮೋಡ ನೋಡಿ ಛತ್ರಿ ತಂದವನನ್ನು ಮಳೆ ಬರಲಿಲ್ಲವೆಂದು ಯಾರೂ ಬೈಯುವುದಿಲ್ಲ. ಅವನು ಬಾಯಿ ತೆರೆದೂ ಇದ್ದ. ಆಗ ವರ್ತಕರು ತಮ್ಮಷ್ಟಕ್ಕೆ ಎನ್ನುವಂತೆ, ಆದರೆ ಕುರ್ಚಿಗಳ ದೂರದಿಂದಾಗಿ ಎಲ್ಲರಿಗೂ ಕೇಳುವಂತೆ, "ಮೇಷ್ಟ್ರ ಕೋಲೇನೋ ಉದ್ದ ಇತ್ತು, ಗೆರೆ ಮಾತ್ರ ಗಿಡ್ಡ ಆಗೋಯ್ತು" ಎಂದರು. ಕೋಣೆ ಈಗಲೂ ನಕ್ಕಿತು. ಅದೇ ಜನ, ಅದೇ ನಗು. ಮೇಡಂ ನಗಲಿಲ್ಲ, ಆದರೆ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿದರು; ನಗು ತಡೆಯಲಿಕ್ಕೇ ಇರಬೇಕು. ಮದುವೆ ಮನೆಯಲ್ಲಿ ತಟ್ಟೆ ಹಿಡಿದು ನಿಂತು, ಎರಡೂ ಒಂದೇ ಅಲ್ವಾ ಎನ್ನಿಸಿಕೊಂಡವನ ಮುಖ ಅವನ ಮುಖದ ಮೇಲೆ ಬಂದು ಕೂತಿತು. ಆಮೇಲೆ ಕೇಳಿಸಿದ್ದು ಅವನದೇ ದನಿ, ನಿರರ್ಗಳವಾಗಿ: ಇಳಿಕೆ ಕಂಡೊಡನೆ ಹಿಗ್ಗಬಾರದು, ರಜೆಯ ದಿನಗಳ ಪರೀಕ್ಷೆಯ ವಿಚಾರ ಇದೆ, ಸೋಂಕು ತಗುಲಿದವರು ಆಸ್ಪತ್ರೆಗೆ ಬರಲು ದಿನ ಹಿಡಿಯುತ್ತದೆ, ಗೆರೆ ಒಮ್ಮೊಮ್ಮೆ ಉಸಿರು ತೆಗೆದುಕೊಳ್ಳಲು ಕೂರುತ್ತದೆ, ಮತ್ತೆ ಏಳುತ್ತದೆ. ಗೆರೆ ಉಸಿರಾಡುತ್ತದೆ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಆದರೆ ಕೋಣೆ ಗಂಭೀರವಾಯಿತು, ಒಬ್ಬರು ಬರೆದುಕೊಂಡರು. "ಇನ್ನೊಂದು ವಾರ ನೋಡೋಣ" ಎಂದು ಮುಗಿಸಿದ.

ಹೇಳಿ ಕೂತ ಮೇಲೆ ಅಕ್ಕನ ನೆನಪು ಬಂತು. ಬಂದದ್ದೇ ಅವನ ಮನಸ್ಸು ಸರ್ರನೆ ಒಂದು ದಾರಿ ಹುಡುಕಿಕೊಂಡಿತು. ವಾರ್ಡು ಬಿಟ್ಟುಕೊಡಿ ಎಂದು ತಾನು ಹೇಳಿದ್ದರೆ ಅದು ಅಕ್ಕನಿಗಾಗಿ ಹೇಳಿದಂತಾಗುತ್ತಿರಲಿಲ್ಲವೇ? ಊರಿನ ಹಿತದ ಜಾಗದಲ್ಲಿ ಕೂತು ಮನೆಯವರ ಹಿತ ನೋಡುವವನು ಎಂಥ ಮನುಷ್ಯ? ಹಾಗೆ ಯೋಚಿಸಿದಷ್ಟೂ ತಾನು ಈಗಷ್ಟೇ ಏನೋ ದೊಡ್ಡದನ್ನು ತ್ಯಾಗ ಮಾಡಿದ್ದೇನೆ ಎನಿಸತೊಡಗಿತು. ಅದಕ್ಕೆ ಸರಿಯಾಗಿ ಸರ್ಜನ್ ಎದ್ದು ನಿಂತು, "ಅಲ್ಲ ಮೇಷ್ಟ್ರೇ, ನನ್ನ ಪಟ್ಟೀಲಿ ನಿಮ್ಮ ಅಕ್ಕನೇ ಇದಾರಲ್ರೀ!" ಎಂದು ಕೂಗಿದರು. ಎಲ್ಲರೂ ತಿರುಗಿ ನೋಡಿದರು. ಅವನು ತಲೆ ತಗ್ಗಿಸಿದ. ನಾಚಿಕೆಗೆ ತಗ್ಗಿಸಿದ್ದು ವಿನಯದಂತೆ ಕಂಡಿತು. "ಗೊತ್ತಿದ್ದೂ ಹೀಗೆ ಹೇಳಿದ್ರಾ?" ಎಂದು ಮೇಡಂ ಕೇಳಿದರು, ಕಣ್ಣಲ್ಲಿ ನೀರಾಡುತ್ತಿತ್ತು. ವರ್ತಕರು ಕೂಡ ಮಾಸ್ಕನ್ನು ಗಡ್ಡದಿಂದ ಮೂಗಿಗೆ ಏರಿಸಿ, "ತಪ್ಪು ತಿಳೀಬೇಡಿ ಸ್ವಾಮಿ, ತಮಾಷೆಗೆ ಅಂದೆ" ಎಂದು ಕೈ ಮುಗಿದರು. ಮೇಲಿನ ವಾರ್ಡು ಇನ್ನೊಂದು ವಾರ ಮೀಸಲಿರಲಿ, ದರ್ಜಿಗಳ ಅಂಗಡಿಯೂ ಮುಚ್ಚಿರಲಿ ಎಂಬುದಕ್ಕೆ ಯಾರೂ ಎದುರಾಡಲಿಲ್ಲ.

ಹೊರಗೆ ಬಂದು ವರಾಂಡದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಮೇಡಂ ಹಿಂದಿನಿಂದ ಬಂದರು. ಒಂದು ತೋಳಿನ ದೂರದಲ್ಲಿ ನಿಂತು, ದನಿ ತಗ್ಗಿಸಿ, "ನಿಮ್ಮಂಥವರಿಗೆ ನಾವು ಅಷ್ಟೂ ಮಾಡದಿದ್ರೆ ಹೇಗೆ? ನಿಮ್ಮ ಅಕ್ಕನವರದು ಒಂದು ವಿಶೇಷ ಪ್ರಕರಣ ಅಂತ ಮಾಡಿದೀನಿ. ಮೇಲಿನ ವಾರ್ಡಲ್ಲೇ ಸೇರಿಸ್ಕೊಳ್ತಾರೆ, ನಾಳೆ ಬೆಳಗ್ಗೆ ಆಪರೇಷನ್. ಇವತ್ತೇ ಕರ್ಕೊಂಡು ಹೋಗಿ" ಎಂದರು. ಪಟ್ಟಿಯಲ್ಲಿ ಅಕ್ಕನಿಗಿಂತ ಮುಂದೆ ಇದ್ದವರು ಯಾರು ಎಂದು ಕೇಳಬೇಕಿತ್ತು. "ತುಂಬಾ ಉಪಕಾರವಾಯ್ತು" ಎಂದ. ಯಾವುದನ್ನು ಮಾಡಬಾರದೆಂದು ಬಾಯಿ ಮುಚ್ಚಿಕೊಂಡೆ ಎಂದು ನಂಬಿದ್ದನೋ ಅದೇ ಈಗ ಬಹುಮಾನವಾಗಿ ಕೈಗೆ ಬಂದಿತ್ತು. ಎಡಗಾಲಿನ ಚಪ್ಪಲಿ ಬೇರೆ ಯಾರದೋ ಎಂದು ಗೊತ್ತಾದದ್ದು ಅರ್ಧ ದಾರಿ ಬಂದ ಮೇಲೆ.

ಅಕ್ಕ ಸುದ್ದಿ ಕೇಳಿ ಮಂಚದ ಮೇಲೆ ಕೂತುಬಿಟ್ಟಳು. "ಎಲ್ಲರಿಗೂ ಶುರು ಮಾಡಿದ್ರಾ?" ಎಂದಳು. "ಇಲ್ಲ, ನಿನಗೆ ಮಾತ್ರ." "ನನಗೇನು ಕೋಡು ಬಂದಿದೆಯಾ?" ಬೇಡ ಎನ್ನುತ್ತಾಳೇನೋ ಎಂದು ಅವನಿಗೆ ಹೆದರಿಕೆಯಾಯಿತು. ಬೇಡ ಎಂದುಬಿಟ್ಟರೆ ಎಷ್ಟು ಹಗುರ ಎಂದೂ ಅನಿಸಿತು. ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿ, "ಹೋಗ್ತೀನಿ ಕಣೋ. ಸರದಿ ಮುರಿದು ಹೋಗೋದು ಸರಿಯಲ್ಲ ಅಂತ ಗೊತ್ತು. ಆದ್ರೆ ನನಗೆ ಹೆದರಿಕೆ ಆಗ್ತಿದೆ. ದಿನಾ ಮಲಗುವಾಗ ಅದು ದೊಡ್ಡದಾಗ್ತಾ ಇದೆ ಅನ್ಸುತ್ತೆ" ಎಂದಳು. ಎರಡು ತಿಂಗಳಿನಿಂದ ಅವಳು ಈ ಮಾತು ಆಡಿರಲಿಲ್ಲ. ಆಡೋಣವೆಂದರೆ ಇವನ ಕಿವಿಯಲ್ಲಿ ಯಾವಾಗಲೂ ಫೋನು ಇತ್ತು. ಹೆಂಡತಿ ಚೀಲಕ್ಕೆ ಬಟ್ಟೆ ತುಂಬಿದಳು.

ಆಸ್ಪತ್ರೆಯ ಬಾಗಿಲಲ್ಲಿ ಸರ್ಜನ್ ಕಾದಿದ್ದರು. ಕೆಲಸ ಸಿಕ್ಕ ಸಂತೋಷಕ್ಕೆ ಅವರ ಮಾತು ಹರಿಯಿತು. "ನಿಮ್ಮ ತಮ್ಮ ಸಾಮಾನ್ಯರಲ್ಲ ಕಣಮ್ಮಾ. ಇವತ್ತು ಸಭೇಲಿ ನಾನು ವಾರ್ಡ್ ಕೇಳಿದೆ. ಬೇಡ, ಇನ್ನೊಂದು ವಾರ ಮೀಸಲಿರಲಿ ಅಂದ್ರು. ನಿಮ್ಮ ಸರದಿಯನ್ನೇ ತ್ಯಾಗ ಮಾಡಿಬಿಟ್ರು!" ಅಕ್ಕ ಸರ್ಜನ್ನರನ್ನು ನೋಡಿದಳು, ತಮ್ಮನನ್ನು ನೋಡಿದಳು. "ನನ್ನ ಸರದಿ ಅಲ್ವಾ ಡಾಕ್ಟ್ರೇ ಅದು," ಎಂದಳು. "ಅವನು ಹ್ಯಾಗೆ ತ್ಯಾಗ ಮಾಡ್ತಾನೆ?" ಸರ್ಜನ್ ಅದನ್ನು ಹಾಸ್ಯವೆಂದುಕೊಂಡು ಗಟ್ಟಿಯಾಗಿ ನಕ್ಕರು.

ಮೇಲಿನ ವಾರ್ಡಿನ ಬಾಗಿಲು ತೆರೆದ ನರ್ಸು, "ಯಾವ ಮಂಚ ಬೇಕಾದ್ರೂ ತಗೊಳ್ಳಿ" ಎಂದಳು. ಎರಡು ಸಾಲು ಮಂಚ, ಸುಕ್ಕಿಲ್ಲದ ಬಿಳಿ ಹೊದಿಕೆ, ಪ್ರತಿಯೊಂದರ ತಲೆದೆಸೆಗೂ ಒಂದು ನೀರಿನ ಲೋಟ ಬೋರಲಾಗಿ. ನೆಲ ಒರೆಸಿದ ಔಷಧಿಯ ವಾಸನೆ. ಅವನು ಈ ಮಂಚಗಳನ್ನು ಇಲ್ಲಿಯವರೆಗೆ ನೋಡಿರಲಿಲ್ಲ. ಸಂಖ್ಯೆಯಾಗಿ ಮಾತ್ರ ಗೊತ್ತಿತ್ತು. ಇವು ತುಂಬಲಿ ಎಂದು ತಾನು ಕಾದಿದ್ದೇನೆ ಎಂಬುದು ಅಲ್ಲಿ ನಿಂತಾಗ ಯಾವ ಮರೆಯೂ ಇಲ್ಲದೆ ಎದುರಿಗೆ ಬಂತು. ಇಲ್ಲೊಬ್ಬ ಏದುಸಿರು ಬಿಡಬೇಕಿತ್ತು, ಅಲ್ಲೊಬ್ಬಳು, ಆ ಮೂಲೆಯಲ್ಲಿ ಒಂದು ಮಗುವಿನ ತಾಯಿ. ಆಗ ತನ್ನ ಗೆರೆ ಸರಿಹೋಗುತ್ತಿತ್ತು. ಅಕ್ಕ ಒಂದರ ಮೇಲೆ ಕೂತು ನೋಡಿದಳು, ಇನ್ನೊಂದಕ್ಕೆ ಹೋದಳು, ಕೊನೆಗೆ ಗೋಡೆ ಬದಿಯದರ ಮೇಲೆ ಮಲಗಿದಳು. "ಇಷ್ಟೊಂದು ಖಾಲಿ ಇತ್ತಾ," ಎಂದಳು, ಯಾರಿಗೂ ಅಲ್ಲದಂತೆ.

ಸಂಜೆಯ ಪ್ರಕಟಣೆ ಬಂದಾಗ ಅವನು ಅವಳ ಕಾಲ ಬಳಿ ಸ್ಟೂಲಿನ ಮೇಲೆ ಕೂತಿದ್ದ. ಫೋನು ಒಂದೇ ಸಮನೆ ಗುಂಯ್‌ಗುಟ್ಟಿತು. ಮೀಸಲು ವಾರ್ಡುಗಳಲ್ಲಿ ದಾಖಲಾತಿ ಒಂದೇ ದಿನದಲ್ಲಿ ಶೇಕಡಾ ಮೂವತ್ತಮೂರು ಏರಿಕೆ, ತಜ್ಞರ ಎಚ್ಚರಿಕೆ ನಿಜವಾಯಿತು ಎಂದು ಚಾನೆಲ್ಲು ಕೆಂಪಕ್ಷರದಲ್ಲಿ ಹಾಕಿತ್ತು. ಔಷಧಿ ಅಂಗಡಿಯವನು ಕೈ ಮುಗಿಯುವ ಚಿತ್ರ ಕಳಿಸಿದ್ದ. ಕಾಲೇಜಿನ ಪ್ರಿನ್ಸಿಪಾಲರು, ಹತ್ತು ವರ್ಷದಲ್ಲಿ ಮೊದಲ ಸಲ, ನೀವು ನಮ್ಮ ಹೆಮ್ಮೆ ಎಂದು ಬರೆದಿದ್ದರು. ಅವನ ಎದೆ ಒಂದು ಕ್ಷಣ, ಒಂದೇ ಕ್ಷಣ, ಹಿಗ್ಗಿತು. ಆಮೇಲೆ ಲೆಕ್ಕ ಹೊಳೆಯಿತು. ಮೂರು ಇದ್ದದ್ದು ನಾಲ್ಕಾಗಿತ್ತು.

"ಏನಂತೆ?" ಎಂದಳು ಅಕ್ಕ.

"ಏರಿದೆಯಂತೆ."

"ಅಯ್ಯೋ. ಎಷ್ಟು?"

"ಒಂದು."

"ಯಾರಂತೆ?"

ಅವನು ನೆಲ ನೋಡಿದ. "ನೀನೇ," ಎಂದ. "ಈ ವಾರ್ಡಿಗೆ ಸೇರಿದವರನ್ನೆಲ್ಲ ಸೋಂಕಿನವರು ಅಂತ ಬರ್ಕೊಂಡಿದ್ದಾರೆ."

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಕ್ಕಳು, ಹೊಟ್ಟೆ ನೋಯುತ್ತದೆಂದು ಕೈಯಿಂದ ಅದುಮಿಕೊಂಡು ನಕ್ಕಳು. ನಲವತ್ತು ಮಂಚಗಳ ಆ ಕೋಣೆಯಲ್ಲಿ ನಗು ಒಂದು ಗೋಡೆಗೆ ಹೋಗಿ ಇನ್ನೊಂದಕ್ಕೆ ಬಂತು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಫೋನ್ ಮಾಡಿ ಹೇಳು ಹೋಗು, ಅದು ನಾನಲ್ಲ ಅಂತ" ಎಂದಳು.

ವರಾಂಡಕ್ಕೆ ಹೋಗಿ ಮೇಡಂಗೆ ಫೋನು ಮಾಡಿದ. ಅವರು ಮೊದಲೇ ಶುರು ಮಾಡಿದರು, "ನೀವು ಹೇಳಿದ್ದೇ ಆಯ್ತು ನೋಡಿ ಮೇಷ್ಟ್ರೇ." ಅವನು ತಡವರಿಸಲಿಲ್ಲ. ಆ ನಾಲ್ಕನೆಯವಳು ನನ್ನ ಅಕ್ಕ, ಅವಳಿಗೆ ಸೋಂಕಿಲ್ಲ. ಇಳಿಕೆ ನಿಜವಾದದ್ದು, ಬೆಳಗ್ಗೆಯೇ ನನಗೆ ಗೊತ್ತಿತ್ತು. ನನ್ನ ಅಂದಾಜು ತಪ್ಪಿತು. ವಾರ್ಡು ಸರ್ಜನ್ನರಿಗೆ ಬಿಟ್ಟುಕೊಡಿ, ಕಾಯುತ್ತಿರುವ ಹೆಂಗಸರನ್ನು ಕರೆಸಿ. ಎಲ್ಲ ಹೇಳಿ ಮುಗಿಸಿದಾಗ ಬೆವರಿದ್ದ, ಆದರೆ ಮೈ ಹಗುರವಾಗಿತ್ತು. ಆ ಕಡೆ ಒಂದು ನಿಟ್ಟುಸಿರು ಕೇಳಿತು. "ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತೆ ಮೇಷ್ಟ್ರೇ," ಎಂದರು ಮೇಡಂ, ಮೃದುವಾಗಿ, ಚಿಕ್ಕ ಮಗುವಿಗೆ ಹೇಳುವಂತೆ. "ಅಕ್ಕ ಆ ಸ್ಥಿತೀಲಿ ಮಲಗಿರುವಾಗ ಯಾರಿಗಾದ್ರೂ ಹೀಗೆ ಅನ್ಸುತ್ತೆ. ಬೆಳಗ್ಗೆ ನೀವು ಊರಿನ ಪರವಾಗಿ ಮಾತಾಡಿದ್ರಿ, ಈಗ ತಮ್ಮನಾಗಿ ಮಾತಾಡ್ತಿದೀರಿ. ಸಮಿತಿ ಇದನ್ನ ಪರಿಗಣಿಸೋಕಾಗಲ್ಲ. ಆಮೇಲೆ ನೋಡಿ, ಇನ್ನೂ ನಾಲ್ಕು ಹೆಂಗಸರನ್ನ ಸೇರಿಸ್ಕೊಂಡ್ರೆ ಅಂಕಿ ಎರಡು ಪಟ್ಟಾಗುತ್ತೆ, ಊರನ್ನೇ ಮುಚ್ಚಬೇಕಾಗುತ್ತೆ. ನೀವು ವಿಶ್ರಾಂತಿ ತಗೊಳ್ಳಿ." ಅವನು "ಮೇಡಂ, ಲೆಕ್ಕ ಹಾಗಲ್ಲ" ಎಂದ. ಫೋನು ಕಟ್ಟಾಗಿತ್ತು.

ಒಳಗೆ ಬಂದಾಗ ನರ್ಸು ಅಕ್ಕನ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡುತ್ತಿದ್ದಳು. ಅವಳು ಹೋದ ಮೇಲೆ ಅಕ್ಕ ಇವನ ಕಡೆ ತಿರುಗಿದಳು.

"ಹೇಳಿದೆಯಾ?"

"ಹೇಳಿದೆ."

"ನಂಬಿದ್ರಾ?"

"ಇಲ್ಲ."

ಅಕ್ಕ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ಕಿಟಕಿಯ ಆಚೆ ಆಂಬುಲೆನ್ಸ್ ಚಾಲಕರು ಕೆಲಸವಿಲ್ಲದೆ ಕಲ್ಲು ಬೆಂಚಿನ ಮೇಲೆ ದೂರ ದೂರ ಕೂತು ಹರಟುತ್ತಿದ್ದರು. "ನಾನು ನಂಬ್ತೀನಿ ಬಿಡು," ಎಂದಳು. ಅವನು ಅವಳ ಪಾದದ ಮೇಲೆ ಕೈಯಿಟ್ಟ. ಅವಳು ಪಾದ ಎಳೆದುಕೊಳ್ಳಲಿಲ್ಲ. ಅವಳಿಗೆ ನಿದ್ದೆ ಬಂತೇನೋ ಎಂದು ಅವನು ಅಂದುಕೊಂಡಾಗ, ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಹೇಳಿದಳು:

"ಬೆಳಗ್ಗೇನೇ ಹೇಳಿದ್ರೆ ನಂಬ್ತಿದ್ರು ಕಣೋ."

ಅವನು "ಹೂಂ" ಎಂದ.